63 ಮತ್ತು 64ರ ನಡುವೆ: ವರ್ಚುವಲ್ ಮಷೀನ್‌ನಲ್ಲಿ ಪಾರ್ಟಿಷನ್ ಸರಿಹೊಂದಿಸುವುದು ಹೇಗೆ?

ಹಳೆಯ ಕಂಪ್ಯೂಟರ್‌ನಲ್ಲಿದ್ದ ಎಲ್ಲವನ್ನೂ ಹಾಗೆಯೇ ತೆಗೆದು ಹೊಸ ಕಂಪ್ಯೂಟರ್‌ಗೆ ಹಾಕುತ್ತೇವೆ. ಹೊಸದರ ಪ್ರೊಸೆಸರ್ ವೇಗದ್ದು, ಮೆಮೊರಿ ಹೆಚ್ಚು, ಹಾರ್ಡ್ ಡಿಸ್ಕ್ ದೊಡ್ಡದು. ಆದರೂ ಕೆಲಸ ಮೊದಲಿಗಿಂತ ನಿಧಾನವಾಗುತ್ತದೆ. ಇದು ಹೇಗೆ ಸಾಧ್ಯ?

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿ. ಸಿಇಬಿಎ ತೆಗೆದುಕೊಂಡಿರುವುದರಿಂದ ನನ್ನ ನಾಲ್ಕು ಐಚ್ಛಿಕ ವಿಷಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಕೂಡ ಒಂದು. ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಹೆಚ್ಚು ಸಹಾಯ ಮಾಡಿದ್ದು ಮಾತ್ರ ಅಕೌಂಟೆನ್ಸಿ ವಿಷಯದ ಲೆಡ್ಜರ್. ಆದ್ದರಿಂದ ಸೈನ್ಸ್ ಓದದವರೂ ಈ ಪಾಠವನ್ನು ಧೈರ್ಯವಾಗಿ ಓದಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಮೂರು ಪದಗಳು

ಸೆಕ್ಟರ್: ಹಾರ್ಡ್ ಡಿಸ್ಕ್ ತನ್ನಲ್ಲಿರುವ ಮಾಹಿತಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಇಡುತ್ತದೆ. ಆ ತುಂಡೇ ಸೆಕ್ಟರ್. ಬಹಳ ವರ್ಷ ಒಂದು ಸೆಕ್ಟರ್ ಎಂದರೆ 512 ಬೈಟ್ ಎಂದೇ ಲೆಕ್ಕ. ಸೆಕ್ಟರ್‌ಗಳಿಗೆ 0, 1, 2, 3 ಎಂದು ಕ್ರಮವಾಗಿ ಸಂಖ್ಯೆ ಇರುತ್ತದೆ.

ಪಾರ್ಟಿಷನ್: ಒಂದು ಡಿಸ್ಕನ್ನು ಭಾಗ ಮಾಡಿ ಸಿ ಡ್ರೈವ್, ಡಿ ಡ್ರೈವ್ ಎಂದು ಕರೆಯುತ್ತೇವಲ್ಲ, ಆ ಭಾಗವೇ ಪಾರ್ಟಿಷನ್. ಪ್ರತಿ ಪಾರ್ಟಿಷನ್ ಯಾವುದೋ ಒಂದು ಸೆಕ್ಟರ್‌ನಿಂದ ಆರಂಭವಾಗುತ್ತದೆ. ಇಡೀ ಪಾಠ ನಿಂತಿರುವುದು ಆ ಆರಂಭದ ಸಂಖ್ಯೆಯ ಮೇಲೆ.

ವರ್ಚುವಲ್ ಮಷೀನ್: ಒಂದು ಕಂಪ್ಯೂಟರ್‌ನ ಒಳಗೆ ಸಾಫ್ಟ್‌ವೇರ್ ಮೂಲಕ ನಡೆಯುವ ಇನ್ನೊಂದು ಕಂಪ್ಯೂಟರ್. ಹೊರಗಿನದನ್ನು ಹೋಸ್ಟ್ ಎನ್ನುತ್ತಾರೆ, ಒಳಗಿನದನ್ನು ಗೆಸ್ಟ್ ಎನ್ನುತ್ತಾರೆ. ಮನೆಯ ಯಜಮಾನ ಮತ್ತು ಅತಿಥಿ ಇದ್ದಂತೆ. ಗೆಸ್ಟ್‌ಗೆ ತನ್ನದೇ ಹಾರ್ಡ್ ಡಿಸ್ಕ್ ಇದೆ ಎಂಬ ಭಾವನೆ. ನಿಜದಲ್ಲಿ ಅದು ಹೋಸ್ಟ್‌ನ ಡಿಸ್ಕ್‌ನಲ್ಲಿರುವ ಒಂದು ದೊಡ್ಡ ಫೈಲ್ ಅಷ್ಟೇ.

ಲೆಡ್ಜರ್ ಪುಟದ ಲೆಕ್ಕ

ಈಗ ಒಂದು ಲೆಡ್ಜರ್ ಪುಸ್ತಕ ಊಹಿಸಿಕೊಳ್ಳಿ. ಅದರ ಪ್ರತಿ ಪುಟದಲ್ಲಿ 8 ಸಾಲು. ನಾವು ಬರೆಯುವ ಪ್ರತಿ ಬಿಲ್ಲಿಗೂ ಸರಿಯಾಗಿ 8 ಸಾಲು ಬೇಕು. ಒಂದು ವಿಚಿತ್ರ ನಿಯಮವೂ ಇದೆ: ಒಂದು ಸಾಲನ್ನು ಮಾತ್ರ ತಿದ್ದುವಂತಿಲ್ಲ. ಒಂದು ಸಾಲು ಬದಲಾದರೂ ಇಡೀ ಪುಟವನ್ನು ಮತ್ತೆ ಬರೆಯಬೇಕು.

ಪುಟದ ಮೊದಲ ಸಾಲಿನಿಂದಲೇ ಬರೆಯಲು ಆರಂಭಿಸಿದರೆ ಒಂದು ಬಿಲ್ಲಿಗೆ ಒಂದು ಪುಟ. ಬಿಲ್ ಬದಲಾದರೆ ಆ ಒಂದು ಪುಟ ಬರೆದರೆ ಮುಗಿಯಿತು. ಆ ಪುಟದಲ್ಲಿ ಬೇರೆಯವರ ಲೆಕ್ಕ ಇಲ್ಲ, ಆದ್ದರಿಂದ ಹಳೆಯದನ್ನು ಓದಿ ನೋಡುವ ಅಗತ್ಯವೂ ಇಲ್ಲ.

ಆದರೆ ಯಾರೋ ಮೊದಲ ಬಿಲ್ಲನ್ನು ಒಂದು ಪುಟದ ಕೊನೆಯ ಸಾಲಿನಿಂದ ಆರಂಭಿಸಿದರು ಎಂದುಕೊಳ್ಳಿ. ಆ ಬಿಲ್ಲಿನ 1 ಸಾಲು ಈ ಪುಟದಲ್ಲಿ, ಉಳಿದ 7 ಸಾಲು ಮುಂದಿನ ಪುಟದಲ್ಲಿ. ಆ ಮುಂದಿನ ಪುಟದಲ್ಲಿ ಉಳಿದ ಒಂದು ಸಾಲಿನಲ್ಲಿ ಎರಡನೆಯ ಬಿಲ್ ಶುರು. ಅದರ ಉಳಿದ 7 ಸಾಲು ಮತ್ತೊಂದು ಪುಟದಲ್ಲಿ. ಹೀಗೆ ಪುಸ್ತಕ ಮುಗಿಯುವವರೆಗೂ ಪ್ರತಿ ಬಿಲ್ ಎರಡು ಪುಟದ ಮೇಲೆ ಕಾಲಿಟ್ಟಿರುತ್ತದೆ. ಒಂದು ಬಿಲ್ ತಿದ್ದಬೇಕಾದರೆ ಎರಡು ಪುಟ ಓದಬೇಕು, ಅಕ್ಕಪಕ್ಕದ ಬಿಲ್ಲುಗಳ ಸಾಲುಗಳನ್ನು ಜೋಪಾನವಾಗಿ ಉಳಿಸಿಕೊಳ್ಳಬೇಕು, ನಂತರ ಎರಡೂ ಪುಟ ಬರೆಯಬೇಕು. ಅಂಗಿಯ ಮೊದಲ ಗುಂಡಿಯನ್ನು ತಪ್ಪು ಕಾಜಿಗೆ ಹಾಕಿದರೆ ಕೊನೆಯ ಗುಂಡಿಯವರೆಗೂ ಹೇಗೆ ತಪ್ಪುತ್ತದೆಯೋ ಹಾಗೆ.

ಈಗ ಪದಗಳನ್ನು ಬದಲಿಸಿ. ಸಾಲು ಎಂದರೆ 512 ಬೈಟ್‌ನ ಹಳೆಯ ಸೆಕ್ಟರ್. ಪುಟ ಎಂದರೆ 4096 ಬೈಟ್‌ನ ಹೊಸ ಸೆಕ್ಟರ್. 512 × 8 = 4096, ಲೆಕ್ಕ ಸರಿಹೋಯಿತು. ಬಿಲ್ ಎಂದರೆ ಕ್ಲಸ್ಟರ್, ಅಂದರೆ ವಿಂಡೋಸ್ ಒಂದು ಸಲಕ್ಕೆ ಹಂಚಿಕೊಡುವ ಜಾಗ. ಎನ್‌ಟಿಎಫ್‌ಎಸ್‌ನಲ್ಲಿ ಅದು ಸಾಮಾನ್ಯವಾಗಿ 4096 ಬೈಟ್. ಪಾರ್ಟಿಷನ್‌ನ ಆರಂಭ ಎಂದರೆ ಮೊದಲ ಬಿಲ್ ಶುರುವಾದ ಸಾಲು. ಆ ಸಾಲು ಪುಟದ ತಲೆಗೆ ಸರಿಯಾಗಿ ಬಂದಿದ್ದರೆ ಪಾರ್ಟಿಷನ್ ಅಲೈನ್ ಆಗಿದೆ ಎನ್ನುತ್ತಾರೆ, ಇಲ್ಲದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಎನ್ನುತ್ತಾರೆ.

63 ಎಲ್ಲಿಂದ ಬಂತು?

ವಿಂಡೋಸ್ ಎಕ್ಸ್‌ಪಿ, ಸರ್ವರ್ 2003 ಮತ್ತು ಅದಕ್ಕಿಂತ ಹಳೆಯ ವಿಂಡೋಸ್‌ಗಳು ಮೊದಲ ಪಾರ್ಟಿಷನ್ನನ್ನು 63ನೇ ಸಂಖ್ಯೆಯ ಸೆಕ್ಟರ್‌ನಿಂದ ಆರಂಭಿಸುತ್ತಿದ್ದವು. ಅನೇಕ ಹಳೆಯ ಲಿನಕ್ಸ್‌ಗಳದ್ದೂ ಅದೇ ರೂಢಿ. ಪುಟಗಳ ಲೆಕ್ಕದಲ್ಲಿ 56ರಿಂದ 63ರವರೆಗಿನ ಸೆಕ್ಟರ್‌ಗಳು ಒಂದು ಪುಟ, 64ರಿಂದ 71ರವರೆಗೆ ಮುಂದಿನ ಪುಟ. ಅಂದರೆ 63 ಎಂಬುದು ಒಂದು ಪುಟದ ಕೊನೆಯ ಸಾಲು! ಒಂದೇ ಒಂದು ಸೆಕ್ಟರ್ ಮುಂದೆ, 64ರಿಂದ ಆರಂಭಿಸಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತು.

ಹಾಗಾದರೆ 63 ಏಕೆ? ಹಳೆಯ ಪಿಸಿಗಳಲ್ಲಿ ಡಿಸ್ಕ್‌ನ ಜಾಗವನ್ನು ಮೂರು ಸಂಖ್ಯೆಗಳಿಂದ ಗುರುತಿಸುತ್ತಿದ್ದರು: ಸಿಲಿಂಡರ್, ಹೆಡ್, ಸೆಕ್ಟರ್. ನಾವು ಅಂಚೆ ವಿಳಾಸದಲ್ಲಿ ಬಡಾವಣೆ, ರಸ್ತೆ, ಮನೆ ಸಂಖ್ಯೆ ಬರೆಯುವ ಹಾಗೆ. ಬಯೋಸ್‌ನಲ್ಲಿ ಸೆಕ್ಟರ್ ಸಂಖ್ಯೆಗೆ ಇಟ್ಟಿದ್ದ ಜಾಗ 6 ಬಿಟ್. 6 ಬಿಟ್‌ನಲ್ಲಿ 0ಯಿಂದ 63ರವರೆಗೆ 64 ಸಂಖ್ಯೆ ಬರೆಯಬಹುದು. ಆದರೆ ಸಿಲಿಂಡರ್ ಮತ್ತು ಹೆಡ್‌ಗಳನ್ನು 0ಯಿಂದ ಎಣಿಸಿದರೂ ಸೆಕ್ಟರ್‌ಗಳನ್ನು 1ರಿಂದ ಎಣಿಸುವ ರೂಢಿ ಬಂತು. ಸೊನ್ನೆ ಬಿಟ್ಟುಹೋದದ್ದರಿಂದ ಒಂದು ಟ್ರ್ಯಾಕ್‌ನಲ್ಲಿ ಹೆಚ್ಚೆಂದರೆ 63 ಸೆಕ್ಟರ್ ಎಂದಾಯಿತು.

ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್‌ನಲ್ಲಿ ಮಾಸ್ಟರ್ ಬೂಟ್ ರೆಕಾರ್ಡ್ ಇರುತ್ತದೆ. ಆ ಮೊದಲ ಟ್ರ್ಯಾಕ್‌ನ ಉಳಿದ ಭಾಗವನ್ನು ಖಾಲಿ ಬಿಟ್ಟು, ಎರಡನೆಯ ಟ್ರ್ಯಾಕ್‌ನಿಂದ ಪಾರ್ಟಿಷನ್ ಆರಂಭಿಸುವುದು ಪದ್ಧತಿ. ಮೊದಲ ಟ್ರ್ಯಾಕ್‌ನಲ್ಲಿ 0ಯಿಂದ 62ರವರೆಗೆ 63 ಸೆಕ್ಟರ್ ಮುಗಿದವು. ಆದ್ದರಿಂದ ಪಾರ್ಟಿಷನ್ 63ರಿಂದ. ಮುಂದೆ ಡಿಸ್ಕ್‌ಗಳು ಬದಲಾದವು, ಹೊರ ಟ್ರ್ಯಾಕ್‌ನಲ್ಲಿ ಹೆಚ್ಚು ಸೆಕ್ಟರ್, ಒಳ ಟ್ರ್ಯಾಕ್‌ನಲ್ಲಿ ಕಡಿಮೆ ಎಂದಾಯಿತು. 63 ಎಂಬ ಲೆಕ್ಕಕ್ಕೆ ನಿಜವಾದ ಡಿಸ್ಕ್‌ನಲ್ಲಿ ಅರ್ಥವೇ ಉಳಿಯಲಿಲ್ಲ. ಆದರೂ ಅಂಕಿ ಮಾತ್ರ ಉಳಿದುಕೊಂಡಿತು.

ತೊಂದರೆ ಮೊದಲು ಏಕೆ ಕಾಣಲಿಲ್ಲ?

ಹಳೆಯ ಡಿಸ್ಕ್‌ಗಳಲ್ಲಿ ಪುಟ ಎಂಬುದೇ ಇರಲಿಲ್ಲ. ಸೆಕ್ಟರ್ 512 ಬೈಟ್, ಬೇಕಾದ ಸಾಲನ್ನು ಮಾತ್ರ ತಿದ್ದಬಹುದಿತ್ತು. 63ರಿಂದ ಆರಂಭಿಸಿದರೂ, 64ರಿಂದ ಆರಂಭಿಸಿದರೂ ಒಂದೇ. ಆಮೇಲೆ ಡಿಸ್ಕ್ ತಯಾರಕರು ಒಂದು ಸೆಕ್ಟರ್‌ಗೆ 4096 ಬೈಟ್ ಮಾಡಿದರು. ಪ್ರತಿ ಸೆಕ್ಟರ್‌ಗೂ ಗುರುತು ಮತ್ತು ದೋಷ ತಿದ್ದುವ ಮಾಹಿತಿಗೆ ಸ್ವಲ್ಪ ಜಾಗ ಬೇಕು. ಎಂಟು ಸಣ್ಣ ಸೆಕ್ಟರ್ ಬದಲು ಒಂದು ದೊಡ್ಡ ಸೆಕ್ಟರ್ ಮಾಡಿದರೆ ಆ ಜಾಗ ಉಳಿಯುತ್ತದೆ. ಇದಕ್ಕೆ ಅಡ್ವಾನ್ಸ್ಡ್ ಫಾರ್ಮ್ಯಾಟ್ ಎಂದು ಹೆಸರು. 2011ರ ಜನವರಿಯಿಂದ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳ ಹೊಸ ಮಾದರಿಯ ಡಿಸ್ಕ್‌ಗಳನ್ನು ಇದೇ ರೀತಿ ತಯಾರಿಸಬೇಕೆಂದು ತಯಾರಕರು ಒಪ್ಪಿಕೊಂಡರು.

ಹಳೆಯ ಸಾಫ್ಟ್‌ವೇರ್‌ಗೆ ತೊಂದರೆಯಾಗಬಾರದೆಂದು ಬಹುತೇಕ ಡಿಸ್ಕ್‌ಗಳು ಹೊರಗೆ ಈಗಲೂ 512 ಬೈಟ್ ಎಂದೇ ಹೇಳಿಕೊಳ್ಳುತ್ತವೆ, ಒಳಗೆ ಮಾತ್ರ 4096. ಆದ್ದರಿಂದ ಹಳೆಯ ವಿಂಡೋಸ್‌ಗೆ ಯಾವ ಅನುಮಾನವೂ ಬರುವುದಿಲ್ಲ.

ಇದಕ್ಕೆ ತೆರುವ ಬೆಲೆ ಎಷ್ಟು? ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ತೆಗೆದುಕೊಳ್ಳೋಣ. 60 ಸೆಕೆಂಡನ್ನು 7200ರಿಂದ ಭಾಗಿಸಿದರೆ ಒಂದು ಸುತ್ತಿಗೆ 0.00833 ಸೆಕೆಂಡ್, ಅಂದರೆ 8.33 ಮಿಲಿಸೆಕೆಂಡ್. ಪುಟದ ಒಂದು ಭಾಗ ಮಾತ್ರ ಬದಲಾಗಬೇಕಾದಾಗ ಡಿಸ್ಕ್ ಮೊದಲು ಪೂರ್ತಿ ಪುಟ ಓದಬೇಕು, ಅದೇ ಜಾಗ ಮತ್ತೆ ಹೆಡ್‌ನ ಕೆಳಗೆ ಬರುವವರೆಗೆ ಒಂದು ಸುತ್ತು ಕಾಯಬೇಕು, ಆಮೇಲೆ ಬರೆಯಬೇಕು. ಹೀಗೆ ಒಂದು ಸಾವಿರ ಸಣ್ಣ ಬರಹಗಳಿದ್ದರೆ 8.33 ಸೆಕೆಂಡ್ ಬರೀ ಕಾಯುವುದಕ್ಕೇ ಹೋಗುತ್ತದೆ. ಡಿಸ್ಕ್‌ನ ಒಳಗಿನ ಕ್ಯಾಷ್ ಮೆಮೊರಿ ಇದರಲ್ಲಿ ಸ್ವಲ್ಪವನ್ನು ತಗ್ಗಿಸುತ್ತದೆ. ಆದರೆ ಚದುರಿದ ಸಣ್ಣ ಬರಹಗಳಲ್ಲಿ ಅದರ ಸಹಾಯ ಕಡಿಮೆ. ಅಕೌಂಟ್ಸ್ ಸಾಫ್ಟ್‌ವೇರ್ ಮಾಡುವುದು ಇಂಥ ಬರಹಗಳನ್ನೇ: ಒಂದು ಬಿಲ್ ಉಳಿಸಿದರೆ ದಾಸ್ತಾನು, ಗ್ರಾಹಕರ ಖಾತೆ, ಮಾರಾಟದ ಖಾತೆ, ಇಂಡೆಕ್ಸ್, ಹೀಗೆ ಬೇರೆ ಬೇರೆ ಕಡೆ ಸ್ವಲ್ಪ ಸ್ವಲ್ಪ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಆದ್ದರಿಂದ ಈ ಕಾಯುವಿಕೆ ಇಲ್ಲ. ಆದರೆ ಅದೂ ಪುಟಗಳ ಲೆಕ್ಕದಲ್ಲೇ ಬರೆಯುತ್ತದೆ. ಒಂದು ಪುಟದ ಕೆಲಸಕ್ಕೆ ಎರಡು ಪುಟ ಬರೆದರೆ ಅದರ ಆಯುಷ್ಯ ವ್ಯರ್ಥವಾಗಿ ಸವೆಯುತ್ತದೆ.

ಒಂದು ಅಂಗಡಿಯ ಉದಾಹರಣೆ

ನನ್ನ ಮಾಮೂ ಅವರದು ಸಗಟು ಬಟ್ಟೆ ಅಂಗಡಿ. ಅಲ್ಲಿನ ಲೆಕ್ಕ ನೋಡಿಕೊಳ್ಳುವವರನ್ನು ಎಲ್ಲರೂ ಮುನ್ಶಿ ಚಾಚಾ ಎನ್ನುತ್ತಾರೆ. ಅಂಗಡಿಯ ಹಳೆಯ ಕಂಪ್ಯೂಟರ್‌ನ ಮದರ್‌ಬೋರ್ಡ್ ಕೆಟ್ಟಿತು. ಅದರಲ್ಲಿದ್ದ ಅಕೌಂಟ್ಸ್ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಹಾಗಾಗಿ ರಿಪೇರಿಯವರು ಹಳೆಯ ಡಿಸ್ಕ್‌ನಲ್ಲಿದ್ದುದನ್ನೆಲ್ಲ ಒಂದು ವರ್ಚುವಲ್ ಮಷೀನ್‌ ಆಗಿ ಮಾಡಿ ಹೊಸ ಕಂಪ್ಯೂಟರ್‌ಗೆ ಹಾಕಿಕೊಟ್ಟರು. ಡೇಟಾ ಒಂದೂ ಹೋಗಲಿಲ್ಲ, ಅದು ಒಳ್ಳೆಯ ಕೆಲಸವೇ. ಆದರೆ ಅಂದಿನಿಂದ ಬಿಲ್ಲಿಂಗ್ ನಿಧಾನವಾಯಿತು. ಹಬ್ಬದ ಸೀಸನ್‌ನಲ್ಲಿ ಗಿರಾಕಿಗಳು ಸಾಲಿನಲ್ಲಿ ನಿಂತರು. ಯಂತ್ರ ಹೊಸದು, ಕುಳಿತವರು ಹಳಬರು. ಆದ್ದರಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ಚಾಚಾಗೆ ವಯಸ್ಸಾಯಿತು, ಕೈ ಓಡುವುದಿಲ್ಲ. ಆ ಕುರ್ಚಿಗೆ ಬೇರೆ ಹುಡುಗನನ್ನು ಕೂರಿಸುವ ಮಾತೂ ಬಂತು.

ನಾನು ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ನೋಡಿದೆ. ಚಾಚಾ ಅಂಕಿಗಳನ್ನು ಕೀಬೋರ್ಡ್ ನೋಡದೆಯೇ ಹೊಡೆಯುತ್ತಿದ್ದರು. ತಡವಾಗುತ್ತಿದ್ದುದು ಎಂಟರ್ ಒತ್ತಿದ ಮೇಲೆ. ಆಗ ಅವರ ಕೈ ಖಾಲಿ, ಕಣ್ಣು ಪರದೆಯ ಮೇಲೆ. ಹೋಸ್ಟ್‌ನ ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಸುಮ್ಮನಿತ್ತು, ಡಿಸ್ಕ್ ಮಾತ್ರ ಪೂರ್ತಿ ಕೆಲಸದಲ್ಲಿತ್ತು.

ಮರುದಿನ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಸರ್ ಅವರಿಗೆ ಇದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಾರ್ಟಿಷನ್ ಎಲ್ಲಿಂದ ಶುರುವಾಗಿದೆ, ನೋಡಿದೆಯಾ?" ನೋಡಿದಾಗ ಸಿಕ್ಕ ಉತ್ತರ 32,256 ಬೈಟ್. ಅಂದರೆ 63 × 512. ಹಳೆಯ ಡಿಸ್ಕ್‌ನಿಂದ ಎಲ್ಲವೂ ಬಂದಾಗ ಆ 63 ಕೂಡ ಜೊತೆಗೇ ಬಂದಿತ್ತು. ಹಳೆಯ ಡಿಸ್ಕ್‌ನಲ್ಲಿ ಅದು ನಿರಪಾಯ, ಹೊಸ ಡಿಸ್ಕ್‌ನಲ್ಲಿ ಪ್ರತಿ ಬರಹಕ್ಕೂ ಎರಡು ಪುಟ. ಹೊಸ ಯಂತ್ರ ನಿಧಾನವಾದ ಗುಟ್ಟು ಇದೇ.

ಪರೀಕ್ಷಿಸುವುದು ಹೇಗೆ?

ವರ್ಚುವಲ್ ಮಷೀನ್‌ನಲ್ಲಿ ಒಂದು ಕಡೆ ನೋಡಿದರೆ ಸಾಲದು. ಮೂರು ಮಹಡಿಗಳಿವೆ: ಗೆಸ್ಟ್‌ನ ಪಾರ್ಟಿಷನ್, ಹೋಸ್ಟ್‌ನ ಪಾರ್ಟಿಷನ್, ಅದರ ಕೆಳಗೆ ನಿಜವಾದ ಡಿಸ್ಕ್. ಮೂರನ್ನೂ ನೋಡಬೇಕು.

1. ಗೆಸ್ಟ್ ವಿಂಡೋಸ್‌ನಲ್ಲಿ ಸ್ಟಾರ್ಟ್, ರನ್ ಒತ್ತಿ ಎಂಎಸ್‌ಇನ್ಫೋ32 ತೆರೆಯಿರಿ. ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್ ಎಂದು ಹೋದರೆ ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್ ಎಂಬ ಸಾಲು ಸಿಗುತ್ತದೆ.

2. ಆ ಸಂಖ್ಯೆಯನ್ನು 4096ರಿಂದ ಭಾಗಿಸಿ. ಶೇಷ ಇಲ್ಲದಿದ್ದರೆ ಸರಿ. 32,256 ÷ 4096 = 7.875, ಆದ್ದರಿಂದ ತಪ್ಪು. 10,48,576 ÷ 4096 = 256, ಆದ್ದರಿಂದ ಸರಿ.

3. ಹೋಸ್ಟ್‌ನಲ್ಲೂ ಇದೇ ಪರೀಕ್ಷೆ ಮಾಡಿ.

4. ನಿಜವಾದ ಡಿಸ್ಕ್‌ನ ಸೆಕ್ಟರ್ ಎಷ್ಟೆಂದು ತಿಳಿಯಲು ಹೋಸ್ಟ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಸ್‌ಯುಟಿಲ್ ಕಮಾಂಡ್‌ನ ಎನ್‌ಟಿಎಫ್‌ಎಸ್‌ಇನ್ಫೋ ಮಾಹಿತಿ ನೋಡಿ. ಬೈಟ್ಸ್ ಪರ್ ಫಿಸಿಕಲ್ ಸೆಕ್ಟರ್ ಎಂಬಲ್ಲಿ 4096 ಇದ್ದರೆ ನಿಮ್ಮದು ಹೊಸ ಬಗೆಯ ಡಿಸ್ಕ್.

5. ಲಿನಕ್ಸ್ ಆದರೆ ಎಫ್‌ಡಿಸ್ಕ್‌ನ ಪಟ್ಟಿಯಲ್ಲಿ ಸ್ಟಾರ್ಟ್ ಎಂಬ ಕಾಲಂ ನೋಡಿ. ಅಲ್ಲಿ ಬರುವುದು ಬೈಟ್ ಅಲ್ಲ, ಸೆಕ್ಟರ್ ಸಂಖ್ಯೆ. ಸೆಕ್ಟರ್ 512 ಬೈಟ್ ಎಂದು ತೋರಿಸುತ್ತಿದ್ದರೆ ಆ ಸಂಖ್ಯೆ 8ರಿಂದ ನಿಶ್ಶೇಷವಾಗಿ ಭಾಗವಾಗಬೇಕು.

ವಿಂಡೋಸ್ ವಿಸ್ಟಾ ಮತ್ತು ಸರ್ವರ್ 2008ರಿಂದ ಈಚೆಗೆ ಪಾರ್ಟಿಷನ್ನನ್ನು ಸಾಮಾನ್ಯವಾಗಿ 2048ನೇ ಸೆಕ್ಟರ್‌ನಿಂದ, ಅಂದರೆ 1 ಎಂಬಿಯಿಂದ ಆರಂಭಿಸುತ್ತಾರೆ. 64 ಸಾಕಾಗಿತ್ತಲ್ಲ, 2048 ಏಕೆ? 1 ಎಂಬಿ ಎಂಬುದು 4, 8, 16, 32, 64, 128, 256, 512 ಕೆಬಿ ಎಲ್ಲದರಿಂದಲೂ ಭಾಗವಾಗುತ್ತದೆ. ಮುಂದೆ ಪುಟ ಎಷ್ಟು ದೊಡ್ಡದಾದರೂ ತೊಂದರೆ ಇಲ್ಲ. ಆರಂಭದಲ್ಲಿ 1 ಎಂಬಿ ಖಾಲಿ ಬಿಡುವುದು ಇಂದಿನ ಡಿಸ್ಕ್‌ಗಳಲ್ಲಿ ನಷ್ಟವೇ ಅಲ್ಲ. ಆದರೆ ಒಂದು ಎಚ್ಚರಿಕೆ: ಈಗಾಗಲೇ 63ರಲ್ಲಿರುವ ಪಾರ್ಟಿಷನ್‌ ಮೇಲೆಯೇ ಹೊಸ ವಿಂಡೋಸ್ ಹಾಕಿದರೆ ಆರಂಭ ತಾನಾಗಿ ಬದಲಾಗುವುದಿಲ್ಲ.

ಸರಿಪಡಿಸುವುದು: ಎರಡು ದಾರಿ

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಗೆಸ್ಟನ್ನು ಪೂರ್ತಿ ಶಟ್‌ಡೌನ್ ಮಾಡಿ. ಅರ್ಧಕ್ಕೆ ನಿಲ್ಲಿಸಿದ ಸೇವ್ ಸ್ಟೇಟ್ ಬೇಡ. ವರ್ಚುವಲ್ ಡಿಸ್ಕ್‌ನ ಪ್ರತಿಯನ್ನು ಬೇರೆ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇಡಿ. ವರ್ಚುವಲ್‌ಬಾಕ್ಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಕ್ಲೋನ್ ಎಂಬ ಸೌಲಭ್ಯ ಇದೆ, ಅದನ್ನು ಬಳಸಿ. ಆ ಕ್ಲೋನ್‌ನಿಂದ ಒಮ್ಮೆ ಗೆಸ್ಟನ್ನು ಎಬ್ಬಿಸಿ, ಲೆಕ್ಕದ ಸಾಫ್ಟ್‌ವೇರ್ ತೆರೆದು, ಕೊನೆಯ ಬಿಲ್ ಇದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನಂಬಬಾರದು.

ಮೊದಲ ದಾರಿ: ಡೇಟಾಗೆ ಹೊಸ ಮನೆ. ಗೆಸ್ಟ್‌ಗೆ ಇನ್ನೊಂದು ಹೊಸ ವರ್ಚುವಲ್ ಡಿಸ್ಕ್ ಸೇರಿಸಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ವಿಂಡೋಸ್‌ನ ಕೈಗೆ ಆ ಡಿಸ್ಕ್ ಕೊಟ್ಟರೆ ಅದು ಮತ್ತೆ 63ರಿಂದಲೇ ಪಾರ್ಟಿಷನ್ ಮಾಡುತ್ತದೆ. ಆದ್ದರಿಂದ ಗೆಸ್ಟನ್ನು ಜಿಪಾರ್ಟೆಡ್ ಲೈವ್ ಎಂಬ ಉಚಿತ ಐಎಸ್‌ಒ ಫೈಲ್‌ನಿಂದ ಬೂಟ್ ಮಾಡಿ, ಅಲ್ಲಿ ಹೊಸ ಡಿಸ್ಕ್ ಮೇಲೆ ಪಾರ್ಟಿಷನ್ ಮಾಡಿ. ಅಲೈನ್ ಟು ಎಂಬಲ್ಲಿ ಎಂಐಬಿ ಆಯ್ಕೆ ಮಾಡಿದರೆ ಆರಂಭ 2048ಕ್ಕೆ ಬರುತ್ತದೆ. ಹೀಗೆ ಹೊರಗೆ ಮಾಡಿಕೊಟ್ಟ ಪಾರ್ಟಿಷನ್ನನ್ನು ಹಳೆಯ ವಿಂಡೋಸ್ ಒಪ್ಪಿ ಬಳಸುತ್ತದೆ. ಆಮೇಲೆ ಲೆಕ್ಕದ ಡೇಟಾ ಫೋಲ್ಡರನ್ನು ಅಲ್ಲಿಗೆ ಕಾಪಿ ಮಾಡಿ, ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಹೊಸ ಜಾಗ ತೋರಿಸಬೇಕು.

ಎರಡನೆಯ ದಾರಿ: ಇಡೀ ಪಾರ್ಟಿಷನ್ನನ್ನು ಸರಿಸುವುದು. ಇದನ್ನು ಯಾವಾಗಲೂ ಕ್ಲೋನ್ ಮೇಲೆ ಮಾತ್ರ ಮಾಡಬೇಕು. ಮೊದಲು ಗೆಸ್ಟ್‌ನಲ್ಲಿ ಚೆಕ್‌ಡಿಸ್ಕ್ ಓಡಿಸಿ. ಜಿಪಾರ್ಟೆಡ್‌ನಲ್ಲಿ ಪಾರ್ಟಿಷನ್ನನ್ನು ಕೆಲವು ಎಂಬಿ ಕಿರಿದು ಮಾಡಿ, ರಿಸೈಜ್ ಅಥವಾ ಮೂವ್ ಆಯ್ಕೆಯಲ್ಲಿ ಮುಂದೆ 1 ಎಂಐಬಿ ಖಾಲಿ ಬಿಟ್ಟು ಸರಿಸಿ. ಪಾರ್ಟಿಷನ್‌ನಲ್ಲಿರುವ ಎಲ್ಲವೂ ಜರುಗಬೇಕಾದ್ದರಿಂದ ತುಂಬಾ ಹೊತ್ತು ಹಿಡಿಯುತ್ತದೆ. ನಡುವೆ ಕರೆಂಟ್ ಹೋಗಬಾರದು, ಯುಪಿಎಸ್ ಇರಲೇಬೇಕು. ವಿಂಡೋಸ್ ತನ್ನ ಬೂಟ್ ಸೆಕ್ಟರ್‌ನಲ್ಲಿ ಆರಂಭದ ಸಂಖ್ಯೆಯನ್ನು ಬರೆದಿಟ್ಟುಕೊಂಡಿರುತ್ತದೆ. ಅಲ್ಲಿ 63 ಉಳಿದರೆ ಗೆಸ್ಟ್ ಏಳುವುದಿಲ್ಲ. ಜಿಪಾರ್ಟೆಡ್ ಇದನ್ನು ತಿದ್ದುತ್ತದೆ. ಆದರೂ ಏಳದಿದ್ದರೆ ವಿಂಡೋಸ್ ಸಿಡಿಯ ರಿಕವರಿ ಕನ್ಸೋಲ್‌ನಲ್ಲಿ ಫಿಕ್ಸ್‌ಬೂಟ್ ಇದೆ. ಹಳೆಯ ವಿಂಡೋಸ್ ಡ್ರೈವ್ ಅಕ್ಷರವನ್ನೂ ಆರಂಭದ ಸ್ಥಾನದ ಮೂಲಕವೇ ನೆನಪಿಟ್ಟುಕೊಳ್ಳುತ್ತದೆ, ಆದ್ದರಿಂದ ಸಿ ಡ್ರೈವ್ ಸಿ ಆಗಿಯೇ ಇದೆಯೇ ಎಂದು ನೋಡಬೇಕು.

ಸರ್ ಅವರ ಸಲಹೆಯಂತೆ ಅಂಗಡಿಯಲ್ಲಿ ಮೊದಲ ದಾರಿಯನ್ನೇ ಹಿಡಿದೆವು. ಮೂಲ ಫೈಲನ್ನು ಮುಟ್ಟಲಿಲ್ಲ. ರಜಾದಿನ ಬೆಳಿಗ್ಗೆ ಶುರು ಮಾಡಿ, ಡೇಟಾ ಸ್ಥಳಾಂತರದ ಮೊದಲು ಒಂದು ತಾಳೆಪಟ್ಟಿ, ನಂತರ ಒಂದು ತಾಳೆಪಟ್ಟಿ ಪ್ರಿಂಟ್ ತೆಗೆದೆವು. ಚಾಚಾ ಎರಡನ್ನೂ ಪಕ್ಕದಲ್ಲಿಟ್ಟು ಪ್ರತಿ ಖಾತೆಯ ಬಾಕಿಯನ್ನು ಬೆರಳಿಟ್ಟು ಹೊಂದಿಸಿದರು. ಒಂದು ಪೈಸೆ ವ್ಯತ್ಯಾಸ ಬರಲಿಲ್ಲ. ಮರುದಿನ ಎಂಟರ್ ಒತ್ತಿದ ಮೇಲಿನ ಕಾಯುವಿಕೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ಏಕೆಂದರೆ ವಿಂಡೋಸ್ ಇರುವ ಸಿ ಡ್ರೈವ್ ಇನ್ನೂ 63ರಲ್ಲೇ ಇದೆ. ಅದನ್ನು ಮುಂದಿನ ರಜೆಯಲ್ಲಿ ಕ್ಲೋನ್ ಮೇಲೆ ಸರಿಸಬೇಕು. ಕುರ್ಚಿಯಲ್ಲಿ ಚಾಚಾ ಅವರೇ ಇದ್ದಾರೆ. ಹುಡುಗನನ್ನು ಕೂರಿಸುವ ಮಾತನ್ನು ಮಾಮೂ ಮತ್ತೆ ಎತ್ತಿಲ್ಲ.

ದೊಡ್ಡ ಡೇಟಾ ಸೆಂಟರ್‌ಗಳಲ್ಲಿ

ಅಂಗಡಿಯಲ್ಲಿ ಒಂದು ವರ್ಚುವಲ್ ಮಷೀನ್. ದೊಡ್ಡ ಸಂಸ್ಥೆಗಳಲ್ಲಿ ಒಂದು ಸ್ಟೋರೇಜ್ ಮೇಲೆ ನೂರಾರು ಇರುತ್ತವೆ. ಅವುಗಳನ್ನು ಒಂದೊಂದಾಗಿ ಮಾಡುವುದಿಲ್ಲ. ಟೆಂಪ್ಲೇಟ್ ಎಂಬ ಒಂದು ಮಾದರಿ ಮಾಡಿ ಅದರ ಪ್ರತಿಗಳನ್ನು ತೆಗೆಯುತ್ತಾರೆ. ಮಾದರಿಯಲ್ಲಿ 63 ಇದ್ದರೆ ನೂರು ಪ್ರತಿಯಲ್ಲೂ 63. ಆದ್ದರಿಂದ ಪ್ರತಿಗಳಿಗಿಂತ ಮೊದಲು ಮಾದರಿಯನ್ನು ಸರಿಪಡಿಸಬೇಕು.

ಅಲ್ಲಿ ಮಹಡಿಗಳೂ ಹೆಚ್ಚು. ವಿಎಂವೇರ್‌ನ ವಿಎಂಎಫ್‌ಎಸ್ ಎಂಬ ಫೈಲ್ ಸಿಸ್ಟಂನ 3ನೇ ಆವೃತ್ತಿಯಲ್ಲಿ ಅದರ ನಿರ್ವಹಣಾ ತಂತ್ರಾಂಶದಿಂದ ಮಾಡಿದ ಪಾರ್ಟಿಷನ್ 128ನೇ ಸೆಕ್ಟರ್‌ನಿಂದ ಆರಂಭವಾಗುತ್ತಿತ್ತು, 5ನೇ ಆವೃತ್ತಿಯಲ್ಲಿ 2048ರಿಂದ. ಎರಡೂ 8ರಿಂದ ಭಾಗವಾಗುತ್ತವೆ. ಅಂದರೆ ಕೆಳಗಿನ ಮಹಡಿ ಸರಿಯಿದ್ದರೂ ಮೇಲಿನ ಗೆಸ್ಟ್ 63ರಲ್ಲಿ ಕುಳಿತರೆ ಪ್ರಯೋಜನ ಇಲ್ಲ. ಕೆಲವೊಮ್ಮೆ ವರ್ಚುವಲ್ ಡಿಸ್ಕ್‌ನ ಫೈಲ್ ಮಾದರಿಯೇ ಸಾಲು ತಪ್ಪಿಸುತ್ತದೆ. ಮೈಕ್ರೋಸಾಫ್ಟ್‌ನ ಹಳೆಯ ವಿಎಚ್‌ಡಿ ಮಾದರಿಯಲ್ಲಿ, ಬೇಕಾದಂತೆ ಬೆಳೆಯುವ ಡಿಸ್ಕ್‌ನ ಪ್ರತಿ ಬ್ಲಾಕ್‌ನ ಮುಂದೆ 512 ಬೈಟ್‌ನ ಒಂದು ಗುರುತಿನ ಪಟ್ಟಿ ಬರುತ್ತದೆ. ಆ ಒಂದು ಸಾಲು ಹಿಂದಿನದೆಲ್ಲವನ್ನೂ ಜರುಗಿಸುತ್ತದೆ. ಸರ್ವರ್ 2012ರೊಂದಿಗೆ ಬಂದ ವಿಎಚ್‌ಡಿಎಕ್ಸ್‌ನಲ್ಲಿ ಇದನ್ನು ಸರಿಪಡಿಸಿದ್ದಾರೆ.

ತಾಳೆಪಟ್ಟಿಗೆ ಸಿಗದ ತಪ್ಪು

ಅಕೌಂಟೆನ್ಸಿಯಲ್ಲಿ ನಾವು ಓದುತ್ತೇವೆ: ತಾಳೆಪಟ್ಟಿ ಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದಲ್ಲ. ಕೆಲವು ತಪ್ಪುಗಳು ಮೊತ್ತದಲ್ಲಿ ಕಾಣುವುದೇ ಇಲ್ಲ. ಅಲೈನ್‌ಮೆಂಟ್ ತಪ್ಪುವುದೂ ಅಂಥದ್ದೇ. ಡೇಟಾ ಎಲ್ಲ ಸರಿ, ಎರರ್ ಸಂದೇಶ ಇಲ್ಲ, ವರದಿ ಹೊಂದುತ್ತದೆ. ದುಡಿಮೆ ಮಾತ್ರ ದುಪ್ಪಟ್ಟು. ಇಂಥ ತಪ್ಪಿನ ಹೊಣೆ ಸಾಮಾನ್ಯವಾಗಿ ಯಂತ್ರದ ಮುಂದೆ ಕುಳಿತವರ ತಲೆಗೆ ಬರುತ್ತದೆ, ಏಕೆಂದರೆ ಕಣ್ಣಿಗೆ ಕಾಣುವವರು ಅವರೇ. ಕೆಲಸ ನಿಧಾನವಾದಾಗ ಮನುಷ್ಯರನ್ನು ಅನುಮಾನಿಸುವ ಮೊದಲು ಒಂದು ಭಾಗಾಕಾರ ಮಾಡಿ ನೋಡುವುದು ನ್ಯಾಯ. ಎಲ್ಲ ನಿಧಾನಕ್ಕೂ ಇದೇ ಕಾರಣ ಎಂದು ನಾನು ಹೇಳುವುದಿಲ್ಲ. ಮೆಮೊರಿ ಕಡಿಮೆ ಇರಬಹುದು, ಡಿಸ್ಕ್ ಕೆಡುತ್ತಿರಬಹುದು. ಆದರೆ ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಖರ್ಚು ಏನೂ ಇಲ್ಲ.

ಇನ್ನೊಂದು ಮಾತು. ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಹಳೆಯ ಸಾಫ್ಟ್‌ವೇರ್‌ಗಾಗಿ ಅದನ್ನು ವರ್ಚುವಲ್ ಮಷೀನ್‌ನಲ್ಲಿ ಇಟ್ಟುಕೊಂಡಿರುವವರು ಅದಕ್ಕೆ ಇಂಟರ್ನೆಟ್ ಸಂಪರ್ಕ ಕೊಡಬೇಡಿ.

ಅಭ್ಯಾಸಕ್ಕೆ

(ಸೆಕ್ಟರ್ 512 ಬೈಟ್, ಡಿಸ್ಕ್‌ನ ಪುಟ 4096 ಬೈಟ್ ಎಂದು ಇಟ್ಟುಕೊಳ್ಳಿ.)

1. ಒಂದು ಪಾರ್ಟಿಷನ್ 65,536 ಬೈಟ್‌ನಿಂದ ಆರಂಭವಾಗಿದೆ. ಅಲೈನ್ ಆಗಿದೆಯೇ?

2. ಲಿನಕ್ಸ್ ಗೆಸ್ಟ್‌ನ ಎರಡು ಪಾರ್ಟಿಷನ್‌ಗಳ ಆರಂಭ 2048 ಮತ್ತು 2,08,845. ಎರಡೂ ಸರಿಯೇ?

3. ಹೋಸ್ಟ್‌ನ ಪಾರ್ಟಿಷನ್ 63ರಿಂದ, ಅದರ ಮೇಲಿನ ಗೆಸ್ಟ್‌ನ ಪಾರ್ಟಿಷನ್ ಕೂಡ 63ರಿಂದ. ಎರಡು ತಪ್ಪು ಸೇರಿ ಒಂದು ಸರಿ ಆಗುತ್ತದೆಯೇ?

4. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ ಎಷ್ಟು ಮಿಲಿಸೆಕೆಂಡ್?

ಉತ್ತರಗಳು: 1. ಹೌದು, 65,536 ÷ 4096 = 16. 2. ಮೊದಲನೆಯದು ಸರಿ. ಎರಡನೆಯದನ್ನು 8ರಿಂದ ಭಾಗಿಸಿದರೆ 5 ಶೇಷ ಉಳಿಯುತ್ತದೆ, ಆದ್ದರಿಂದ ತಪ್ಪು. ಒಂದೇ ಡಿಸ್ಕ್‌ನಲ್ಲಿದ್ದರೂ ಪ್ರತಿ ಪಾರ್ಟಿಷನ್ನನ್ನೂ ಬೇರೆ ಬೇರೆ ನೋಡಬೇಕು. 3. ಇಲ್ಲ. 63 + 63 = 126, 8ರಿಂದ ಭಾಗಿಸಿದರೆ 6 ಶೇಷ. 4. 60 ÷ 5400 = 0.0111 ಸೆಕೆಂಡ್, ಅಂದರೆ ಸುಮಾರು 11.1 ಮಿಲಿಸೆಕೆಂಡ್.

ಐದನೆಯ ಪ್ರಶ್ನೆಗೆ ಉತ್ತರ ಇಲ್ಲಿ ಕೊಟ್ಟಿಲ್ಲ: ನಿಮ್ಮ ಮನೆಯ ಅಥವಾ ಅಂಗಡಿಯ ಕಂಪ್ಯೂಟರ್‌ನಲ್ಲಿ ಮೊದಲ ಪಾರ್ಟಿಷನ್ ಎಲ್ಲಿಂದ ಆರಂಭವಾಗಿದೆ?